ಮಣ್ಣುದಾರಿಯಲ್ಲಿ ಬೈಕು: ಹಕ್ಕು ಎಲ್ಲಿ, ಅತಿಕ್ರಮ ಎಲ್ಲಿ?

ರಜೆಯ ದಿನಗಳಲ್ಲಿ ಡಾಂಬರು ರಸ್ತೆಯನ್ನು ತೊರೆದು ಮಣ್ಣುದಾರಿಗಳಲ್ಲಿ ಬೈಕು ಓಡಿಸುವ ಹವ್ಯಾಸ ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ವಿದ್ಯಾವಂತ ಯುವಜನರನ್ನು ಬಲವಾಗಿ ಸೆಳೆದಿದೆ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಅದೇ ಸಾಹಸ ಮಾಡಿದರು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಹಿಮಾಲಯನ್, 2019ರಲ್ಲಿ ಹೀರೋ ಸಂಸ್ಥೆಯ ಎಕ್ಸ್‌ಪಲ್ಸ್ ಮಾರುಕಟ್ಟೆಗೆ ಬಂದಾಗ, ಶ್ರೀಮಂತರಿಗಷ್ಟೇ ಎಟುಕುತ್ತಿದ್ದ ಈ ಕ್ರೀಡೆ ಮಧ್ಯಮ ವರ್ಗದ ಅಂಗಳಕ್ಕೂ ಇಳಿಯಿತು. ವಾಹನವೇನೋ ಕೈಗೆ ಬಂತು. ಅದನ್ನು ನ್ಯಾಯಸಮ್ಮತವಾಗಿ ಓಡಿಸಬಹುದಾದ ದಾರಿ ಯಾವುದು ಎಂಬುದನ್ನು ಮಾತ್ರ ಮಾರಿದವರೂ ಹೇಳಲಿಲ್ಲ, ಸರ್ಕಾರವೂ ಹೇಳಲಿಲ್ಲ.

ಈ ಪ್ರಶ್ನೆಯನ್ನು ಎಕ್ಕಂಬಿಯಂಥ ಊರಿನಲ್ಲಿ ನಿಂತು ಕೇಳಿದರೆ ಅದರ ತೊಡಕು ಚೆನ್ನಾಗಿ ಅರಿವಾಗುತ್ತದೆ. ಶಿರಸಿಯಿಂದ ಹುಬ್ಬಳ್ಳಿಯತ್ತ ಸಾಗುವ ರಸ್ತೆಯಲ್ಲಿರುವ ಈ ಊರಿನ ಸುತ್ತ ಮಲೆನಾಡು ಮೆಲ್ಲನೆ ಬಯಲುಸೀಮೆಗೆ ಇಳಿಯುತ್ತದೆ. ದಟ್ಟ ಕಾನಿನ ಬದಲು ಎಲೆ ಉದುರಿಸುವ ಕಾಡು, ನಡುನಡುವೆ ಗದ್ದೆ, ತೋಟ, ತೇಗದ ನೆಡುತೋಪು. ಇವೆಲ್ಲವನ್ನೂ ಹೆಣೆಯುವ ಕೆಮ್ಮಣ್ಣಿನ ದಾರಿಗಳು. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟ ಸವಾರ ಮಧ್ಯಾಹ್ನದೊಳಗೆ ಇಲ್ಲಿಗೆ ತಲುಪಬಲ್ಲ. ಅವನ ಕಣ್ಣಿಗೆ ಈ ದಾರಿಗಳೆಲ್ಲ ಒಂದೇ. ದಾಖಲೆಯಲ್ಲಿ ಮಾತ್ರ ಒಂದೊಂದಕ್ಕೂ ಒಡೆಯ ಬೇರೆ, ಕಾನೂನು ಬೇರೆ.

ಮೊದಲನೆಯದು ಮೀಸಲು ಅರಣ್ಯದ ದಾರಿ. ಉತ್ತರ ಕನ್ನಡ ಜಿಲ್ಲೆಯ ಮುಕ್ಕಾಲು ಪಾಲಿಗೂ ಮಿಕ್ಕ ನೆಲ ಅರಣ್ಯವೆಂದು ದಾಖಲಾಗಿದೆ. ಮರ ಸಾಗಿಸಲು ಇಲಾಖೆ ಹಿಂದೆ ನಿರ್ಮಿಸಿದ ಕೂಪು ರಸ್ತೆಗಳು, ಬೆಂಕಿ ಕಾವಲಿಗೆಂದು ಮಾಡಿದ ದಾರಿಗಳು ಹೊರಗಿನವರ ಕಣ್ಣಿಗೆ ಹೇಳಿ ಮಾಡಿಸಿದ ಸಾಹಸ ಪಥಗಳಂತೆ ಕಾಣುತ್ತವೆ. ಆದರೆ ಅವು ಸಾರ್ವಜನಿಕ ರಸ್ತೆಗಳಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದ ಪ್ರವೇಶವೇ ಅಪರಾಧ. ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮದಂಥ ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧ ಇನ್ನೂ ಬಿಗಿ. ‘ಕಾಡು ಸರ್ಕಾರದ್ದು, ಆದ್ದರಿಂದ ಎಲ್ಲರದ್ದು’ ಎಂಬ ತರ್ಕ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಗೇಟು ತೆರೆದಿತ್ತು, ತಡೆಯುವವರಿರಲಿಲ್ಲ ಎಂಬುದೂ ಅನುಮತಿಯಾಗುವುದಿಲ್ಲ.

ಎರಡನೆಯದು ಈ ಸೀಮೆಗೇ ವಿಶಿಷ್ಟವಾದ ಸೊಪ್ಪಿನ ಬೆಟ್ಟ. ಘಟ್ಟದ ಮೇಲಿನ ಅಡಿಕೆ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದಿಂದಲೂ ನೀಡಲಾಗಿದೆ. ಸೊಪ್ಪು, ದರಕು, ಕರಡ ಪಡೆಯುವ ಸವಲತ್ತು ತೋಟಿಗನದು, ನೆಲ ಸರ್ಕಾರದ್ದು. ಆದ್ದರಿಂದ ಪರಿಚಿತ ತೋಟಿಗರೊಬ್ಬರು ‘ನಮ್ಮ ಬೆಟ್ಟದಲ್ಲಿ ಓಡಿಸಿಕೊಳ್ಳಿ’ ಎಂದು ಸೌಜನ್ಯದಿಂದ ಹೇಳಿದರೂ, ಬೇರೆಯವರ ವಾಹನ ವಿಹಾರಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಅವರಿಗಿಲ್ಲ. ಇತ್ತ, ದಣಪೆ ತೆಗೆದು ಒಳಹೊಕ್ಕ ಸವಾರ ಅದನ್ನು ಮತ್ತೆ ಮುಚ್ಚದೆ ಹೋದರೆ ದನಕರುಗಳು ತೋಟಕ್ಕೆ ನುಗ್ಗುತ್ತವೆ. ಅದರ ನಷ್ಟವನ್ನು ತೋಟಿಗನೇ ಹೊರಬೇಕು.

ಮೂರನೆಯದು ಕಂದಾಯ ಭೂಮಿಯ ದಾರಿ. ನಿಜವಾದ ಅವಕಾಶವಿರುವುದು ಇಲ್ಲಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಸಾರ್ವಜನಿಕ ರಸ್ತೆ, ಓಣಿ, ದಾರಿಗಳನ್ನು ಸರ್ಕಾರದ ಸ್ವತ್ತೆಂದು ಘೋಷಿಸುತ್ತದೆ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಗಳಲ್ಲಿ ಗಾಡಿದಾರಿಯನ್ನೂ ಕಾಲುದಾರಿಯನ್ನೂ ಬೇರೆಬೇರೆಯಾಗಿ ಗುರುತಿಸಿರುತ್ತಾರೆ. ಪಹಣಿಯಲ್ಲಿ ‘ಬಿ’ ಖರಾಬು ಎಂದು ನಮೂದಾದ ನೆಲ ರಸ್ತೆ, ಹಳ್ಳ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಸರ್ಕಾರದ ‘ದಿಶಾಂಕ್’ ಆ್ಯಪ್ ನಿಂತ ನೆಲದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಗ್ರಾಮ ಪಂಚಾಯಿತಿಯ ಕಚ್ಚಾ ರಸ್ತೆಗಳಲ್ಲಿ, ನಕಾಶೆಯ ಗಾಡಿದಾರಿಗಳಲ್ಲಿ ಸಂಚರಿಸುವವನು ಅತಿಕ್ರಮಿಯಲ್ಲ. ಆದರೆ ಅಲ್ಲಿಯೂ ಅವನು ಮೋಟಾರು ವಾಹನ ಕಾಯ್ದೆಗೆ ಅಧೀನ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ದಾರಿಯನ್ನು 1988ರ ಆ ಕಾಯ್ದೆ ‘ಸಾರ್ವಜನಿಕ ಸ್ಥಳ’ವೆಂದೇ ಪರಿಗಣಿಸುತ್ತದೆ. ಲೈಸೆನ್ಸು, ವಿಮೆ ಬೇಕು; ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವೇಗದ ಸ್ಪರ್ಧೆ ನಡೆಸುವಂತಿಲ್ಲ. ನೋಂದಣಿಯಂತೂ ಸಾರ್ವಜನಿಕ ಸ್ಥಳದಲ್ಲಷ್ಟೇ ಅಲ್ಲ, ‘ಇತರ ಯಾವುದೇ ಸ್ಥಳ’ದಲ್ಲಿ ಓಡಿಸಲೂ ಕಡ್ಡಾಯ. ಸೈಲೆನ್ಸರ್ ಕಳಚಿ ಅಬ್ಬರಿಸುವುದಕ್ಕೆ ಹಳ್ಳಿಯ ದಾರಿಯೆಂಬ ರಿಯಾಯಿತಿಯೂ ಇಲ್ಲ.

ಕಾನೂನಿನಾಚೆಗೆ ನ್ಯಾಯದ ಪ್ರಶ್ನೆಯೊಂದಿದೆ. ಇದೇ ಜಿಲ್ಲೆಯ ಅನೇಕ ಮಜರೆಗಳಿಗೆ ಇಂದಿಗೂ ಸರಿಯಾದ ರಸ್ತೆಯಿಲ್ಲ. ಮಳೆಗಾಲದಲ್ಲಿ ಮಕ್ಕಳು ಕಾಲುಸಂಕ ದಾಟಿ ಶಾಲೆಗೆ ಹೋಗುತ್ತಾರೆ, ರೋಗಿಗಳನ್ನು ಹೊತ್ತು ತರಬೇಕಾಗುತ್ತದೆ. ರಸ್ತೆ ಕೇಳಿದರೆ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯು ರಸ್ತೆ, ಶಾಲೆ ಮೊದಲಾದ ಸೌಕರ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇರೆಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ನೀಡಲು ಅವಕಾಶ ಕಲ್ಪಿಸಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದೆಂಬ ಷರತ್ತೂ ಅದರಲ್ಲಿದೆ. ಹೀಗೆ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವ ದಾರಿಗಾಗಿ ಊರವರು ಅರ್ಜಿ ಹಿಡಿದು ಅಲೆಯುತ್ತಿರುವಾಗ, ಪೇಟೆಯಿಂದ ಬಂದವರು ಅದೇ ಕಾಡಿನಲ್ಲಿ ಮೋಜಿಗಾಗಿ ಚಕ್ರ ಉರುಳಿಸಿ ಹೋಗುವುದನ್ನು ಅವರು ಯಾವ ಮನಸ್ಸಿನಿಂದ ನೋಡಿಯಾರು? ಸವಾರರ ಬಗೆಗಿನ ಅಸಹನೆಯ ಬೇರು ಇಲ್ಲಿದೆ.

ನೆಲಕ್ಕಾಗುವ ಹಾನಿಯೂ ಕಲ್ಪಿತವಲ್ಲ. ಹಸಿ ಮಣ್ಣಿನಲ್ಲಿ ಹಲ್ಲಿನ ಟೈರು ಕೊರೆದ ಗೆರೆ ಮುಂದಿನ ಮಳೆಗೆ ನೀರಿನ ಕಾಲುವೆಯಾಗುತ್ತದೆ. ಕೆಲವೇ ಮಳೆಗಾಲಗಳಲ್ಲಿ ದಾರಿಯೇ ಕೊರಕಲಾಗಿ ಗದ್ದೆಗೆ ಮಣ್ಣು ಇಳಿಯುತ್ತದೆ. ಬೇಸಿಗೆಯಲ್ಲಿ ಒಣ ದರಕಿನ ಮೇಲೆ ನಿಲ್ಲಿಸಿದ ಬೈಕಿನ ಕಾದ ಹೊಗೆಕೊಳವೆ ಕಾಳ್ಗಿಚ್ಚಿಗೆ ಕಾರಣವಾಗಬಲ್ಲದು. ಸವಾರನಿಗೇ ಇನ್ನೊಂದು ಅಪಾಯವಿದೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ಭಾಗದಲ್ಲಿ ಈಚಿನ ವರ್ಷಗಳಲ್ಲೂ ಜೀವಗಳನ್ನು ಬಲಿ ಪಡೆದಿದೆ. ಅದನ್ನು ಹರಡುವ ಉಣುಗುಗಳ ಹಾವಳಿ ಹೆಚ್ಚಾಗಿರುವುದು ಡಿಸೆಂಬರ್‌ನಿಂದ ಮೇವರೆಗೆ, ಎಂದರೆ ಸವಾರರು ಬರುವ ಒಣ ದಿನಗಳಲ್ಲೇ.

ಹಾಗೆಂದು ಸಾರಾಸಗಟು ನಿಷೇಧ ಪರಿಹಾರವಲ್ಲ. ಅನ್ಯ ದೇಶಗಳ ಅನುಭವ ಈ ವಿಷಯದಲ್ಲಿ ಪಾಠ ಕಲಿಸುತ್ತದೆ. ಫ್ರಾನ್ಸ್ 1991ರಲ್ಲೇ ಸಾರ್ವಜನಿಕ ಸಂಚಾರಕ್ಕೆ ತೆರೆದ ದಾರಿಗಳ ಹೊರಗೆ, ನಿಸರ್ಗ ಪ್ರದೇಶಗಳಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹಿಂದೆ ಕುದುರೆಗಾಡಿ ಓಡುತ್ತಿತ್ತೆಂಬ ಆಧಾರದ ಮೇಲೆ ಬೈಕುಗಳೂ ಹಕ್ಕು ಸಾಧಿಸುತ್ತಿದ್ದವು. 2006ರ ಕಾಯ್ದೆ, ದಾಖಲಾಗದ ಅಂಥ ಹಕ್ಕುಗಳನ್ನು ಬಹುಮಟ್ಟಿಗೆ ರದ್ದುಪಡಿಸಿತು. ಅಮೆರಿಕದ ಅರಣ್ಯ ಸೇವೆ 2005ರಲ್ಲಿ ತಂದ ನಿಯಮದಂತೆ ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ಮೋಟಾರು ವಾಹನಗಳಿಗೆ ತೆರೆದ ದಾರಿಗಳ ನಕ್ಷೆಯನ್ನು ಪ್ರಕಟಿಸಬೇಕು. ನಕ್ಷೆಯಲ್ಲಿಲ್ಲದ ದಾರಿ ಮುಚ್ಚಿದ್ದೆಂದೇ ಅರ್ಥ. ಮೂರೂ ಕಡೆ ಪಥ್ಯ ಬೇರೆ, ತತ್ತ್ವ ಒಂದೇ: ಯಾವ ದಾರಿ ಯಾರಿಗೆ ತೆರೆದಿದೆ ಎಂಬುದು ಬರವಣಿಗೆಯಲ್ಲಿರಬೇಕು.

ನಮ್ಮಲ್ಲೂ ಇದಕ್ಕೆ ಮಾದರಿಗಳಿಲ್ಲದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಆಮೇಲೆ ಆನ್‌ಲೈನ್ ನೋಂದಣಿಯ ಮೂಲಕ ಸಂಖ್ಯೆಯನ್ನು ಮಿತಗೊಳಿಸಿ ಪಥಗಳನ್ನು ತೆರೆಯಿತು. ಚಿಕ್ಕಮಗಳೂರಿನಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಕಾಫಿ ತೋಟಗಳೊಳಗಿನ ಮಣ್ಣುರಸ್ತೆಗಳಲ್ಲಿ, ಮಾಲೀಕರ ಒಪ್ಪಿಗೆಯಿಂದ ನಡೆದಿವೆ. ಕಾಡಿನ ಗೇಟು ಮುರಿಯದೆಯೂ ಕ್ರೀಡೆ ಬೆಳೆಯಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಆಗಬೇಕಾದದ್ದು ಇಷ್ಟೆ. ಕಂದಾಯ, ಅರಣ್ಯ ಇಲಾಖೆಗಳು ಮತ್ತು ಗ್ರಾಮ ಪಂಚಾಯಿತಿಗಳು ಒಟ್ಟಿಗೆ ಕುಳಿತು ಪಂಚಾಯಿತಿವಾರು ಮಣ್ಣುದಾರಿಗಳ ಪಟ್ಟಿಯನ್ನು ಸಿದ್ಧಪಡಿಸಲಿ. ಮೀಸಲು ಅರಣ್ಯ, ಬೆಟ್ಟ, ದೇವರಕಾಡು, ಕಾಲುದಾರಿಗಳು ಅದರಿಂದ ಹೊರಗಿರಲಿ. ಗಾಡಿದಾರಿಗಳ ಪೈಕಿ ಗ್ರಾಮಸಭೆ ಒಪ್ಪಿದವು ಮಾತ್ರ ಒಳಗಿರಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ದಾರಿ ಮುಚ್ಚಿರಲಿ. ಸ್ವಂತ ಹಿಡುವಳಿಯಲ್ಲಿ ಪಥ ನಿರ್ಮಿಸಲು ಮುಂದಾಗುವ ರೈತನಿಗೆ ಭೂಪರಿವರ್ತನೆಯ ನಿಯಮ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಜಿಲ್ಲಾಡಳಿತ ಮುಂಚಿತವಾಗಿಯೇ ಸ್ಪಷ್ಟಪಡಿಸಲಿ. ಸವಾರರಿಂದ ಸಂಗ್ರಹವಾಗುವ ಶುಲ್ಕ ಆಯಾ ಪಂಚಾಯಿತಿಯ ದಾರಿ ದುರಸ್ತಿಗೆ, ಕಾಲುಸಂಕಕ್ಕೆ ವಿನಿಯೋಗವಾಗಲಿ.

ಇಂಥ ಪಟ್ಟಿ ಸಿದ್ಧವಾಗುವವರೆಗೆ ಹೊಣೆ ಸವಾರನ ಮೇಲಿದೆ. ಹೊರಡುವ ಮುನ್ನ ಗ್ರಾಮ ನಕಾಶೆ ನೋಡಬೇಕು. ಅನುಮಾನವಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಬೇಕು. ಊರು ಬಂದಾಗ ಎಂಜಿನ್ನಿನ ಸದ್ದು ತಗ್ಗಿಸಬೇಕು. ತೆಗೆದ ದಣಪೆಯನ್ನು ಮುಚ್ಚಬೇಕು. ಎಕ್ಕಂಬಿಯ ರೈತ ದಿನವೂ ತುಳಿಯುವ ದಾರಿ ಅದು. ಸವಾರನಿಗೆ ಅದು ಒಂದು ಭಾನುವಾರದ ಸಂತೋಷ, ಊರವರಿಗೆ ವರ್ಷವಿಡೀ ಬದುಕಿನ ಆಸರೆ. ಆ ದಾರಿಯ ಮೇಲೆ ಯಾರ ಮಾತು ಮೊದಲು ನಡೆಯಬೇಕು ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.