28 ಗೆದ್ದವರು ಹೊರಗೆ, 19 ಗೆದ್ದವರು ಒಳಗೆ!

ಮಕ್ಕಳೇ, ಒಂದು ತಂಡ 34 ಪಂದ್ಯ ಆಡಿ 28 ಗೆದ್ದಿದೆ. ಇನ್ನೊಂದು 33 ಆಡಿ 19 ಗೆದ್ದಿದೆ. ಒಂದೇ ಜಾಗ ಇದ್ದರೆ ಯಾರನ್ನು ಕರೆಯುತ್ತೀರಿ? ಮೊದಲನೆಯ ತಂಡವನ್ನೇ ಅಲ್ಲವೆ? ಆದರೆ 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಕರೆ ಬಂದದ್ದು ಎರಡನೆಯದಕ್ಕೆ!

ಅಲ್ಲಿ ಮಾರ್ಚ್ ಬಂತೆಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಜಾತ್ರೆ. ಮೇಲ್ದರ್ಜೆಯ ಪುರುಷರ ತಂಡಗಳೇ 350ಕ್ಕೂ ಹೆಚ್ಚು. 2024ರ ದೊಡ್ಡ ಟೂರ್ನಿಯಲ್ಲಿ ಇದ್ದ ಜಾಗ ಮಾತ್ರ 68. ತಂಡಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಲ್ಲಿ ಆಡುತ್ತವೆ. ಆ ವರ್ಷ ಗುಂಪು ಗೆದ್ದ 32 ತಂಡಗಳಿಗೆ ನೇರ ಪ್ರವೇಶ ಸಿಕ್ಕಿತು. ಉಳಿದ 36 ತಂಡಗಳನ್ನು 12 ಜನರ ಸಮಿತಿ ಆರಿಸಿತು.

ಆರಿಸುವುದು ಹೇಗೆ? ಬರೀ ಗೆಲುವು ಎಣಿಸಿದರೆ ಸಾಲದು. ಸುಲಭದ ಪ್ರಶ್ನೆಪತ್ರಿಕೆಯಲ್ಲಿ 90 ಪಡೆದವಳು ಜಾಣೆಯೋ, ಕಷ್ಟದ್ದರಲ್ಲಿ 75 ಪಡೆದವಳೋ? ಅದಕ್ಕೇ 1981ರಿಂದ ‘ಆರ್‌ಪಿಐ’ ಎಂಬ ಲೆಕ್ಕವಿತ್ತು. ಅದರಲ್ಲಿ ಸ್ವಂತ ಗೆಲುವಿಗೆ ಕಾಲು ಭಾಗ, ಎದುರಾಳಿಗಳ ಗೆಲುವಿಗೆ ಅರ್ಧ, ಆ ಎದುರಾಳಿಗಳ ಎದುರಾಳಿಗಳಿಗೆ ಉಳಿದ ಕಾಲು! 2018ರಲ್ಲಿ ‘ನೆಟ್’ ಎಂಬ ಹೊಸ ಶ್ರೇಯಾಂಕ ಬಂತು. ಎಲ್ಲಿ ಆಡಿದಿರಿ ಎಂಬುದಕ್ಕೂ ಬೆಲೆಯಿದೆ. ನಮ್ಮ ಅಂಗಳದಲ್ಲಿ ಮೊದಲ 30ರೊಳಗಿನ ತಂಡವನ್ನು ಸೋಲಿಸುವುದೂ, ಎದುರಾಳಿಯ ಅಂಗಳಕ್ಕೇ ಹೋಗಿ 75ರೊಳಗಿನ ತಂಡವನ್ನು ಸೋಲಿಸುವುದೂ ಒಂದೇ ದರ್ಜೆಯ ಗೆಲುವು.

28 ಗೆದ್ದ ತಂಡ ಇಂಡಿಯಾನಾ ಸ್ಟೇಟ್. ‘ನೆಟ್’ ಪಟ್ಟಿಯಲ್ಲಿ 30ರೊಳಗೇ ಇತ್ತು. ಆದರೆ ಅದರ ಗುಂಪು ಸಣ್ಣದು. ಗುಂಪಿನ ಫೈನಲ್‌ನಲ್ಲಿ ಡ್ರೇಕ್ ತಂಡಕ್ಕೆ ಸೋತದ್ದರಿಂದ ನೇರ ಪ್ರವೇಶ ತಪ್ಪಿತು. ಮೇಲು ದರ್ಜೆಯ ಪಂದ್ಯಗಳು ಸಿಕ್ಕಿದ್ದೇ ಕಡಿಮೆ. 19 ಗೆದ್ದ ಮಿಷಿಗನ್ ಸ್ಟೇಟ್ ‘ಬಿಗ್ ಟೆನ್’ ಎಂಬ ಬಲಿಷ್ಠ ಗುಂಪಿನದು. ವಾರವಾರವೂ ಗಟ್ಟಿ ಎದುರಾಳಿಗಳೇ. 14 ಸೋತರೂ ಸಮಿತಿ ಕೈಬಿಡಲಿಲ್ಲ.

ಅಜ್ಜ-ಅಜ್ಜಿಯರೇ, ಈ ಎರಡೂ ಕಾಲೇಜುಗಳು 1979ರ ಫೈನಲ್‌ನಲ್ಲಿ ಎದುರಾಗಿದ್ದವು. ಒಂದೂ ಸೋಲದೆ ಬಂದಿದ್ದ ಲ್ಯಾರಿ ಬರ್ಡ್‌ನ ಇಂಡಿಯಾನಾ ಸ್ಟೇಟ್ ಅಂದು ಮ್ಯಾಜಿಕ್ ಜಾನ್ಸನ್‌ನ ಮಿಷಿಗನ್ ಸ್ಟೇಟ್‌ಗೆ ಸೋತಿತು.

ಸಮಿತಿಯ ಆಯ್ಕೆ ಸರಿಯೆ? ಮಿಷಿಗನ್ ಸ್ಟೇಟ್ ಮೊದಲ ಪಂದ್ಯ ಗೆದ್ದು ಮುಂದಿನದರಲ್ಲಿ ಸೋತಿತು. ಇಂಡಿಯಾನಾ ಸ್ಟೇಟ್ ‘ಎನ್‌ಐಟಿ’ ಎಂಬ ಇನ್ನೊಂದು ಟೂರ್ನಿಯ ಫೈನಲ್ ತಲುಪಿ, ಎರಡೇ ಅಂಕಗಳಿಂದ ಸೋತಿತು. ಎರಡೂ ಕಡೆ ಬಲವಿತ್ತು.

ಎದುರಾಳಿಯ ಬಲ ಎಣಿಸುವುದು ನ್ಯಾಯವೇ ಎಂದು ನಾನು ಒಪ್ಪುತ್ತೇನೆ. ಆದರೆ ದೊಡ್ಡ ತಂಡಗಳು ಸಣ್ಣವರ ಅಂಗಳಕ್ಕೆ ಆಡಲು ಹೋಗುವುದೇ ಅಪರೂಪ. ಕಷ್ಟದ ಪ್ರಶ್ನೆಪತ್ರಿಕೆ ಕೈಗೇ ಕೊಡದೆ, ‘ಕಷ್ಟದ್ದು ಬರೆದಿಲ್ಲ’ ಎಂದು ಅಂಕ ಕಳೆಯಬಹುದೆ? ಇಂದು ಊಟಕ್ಕೆ ಕೂತಾಗ ಮನೆಯವರನ್ನೆಲ್ಲ ಕೇಳಿ ನೋಡಿ. ಒಂದೇ ಉತ್ತರ ಬರಲಾರದು.