ನೋಡಿದ ಮೇಲೆ ಹೋಗದೆ ಇರಕ್ಕಾಗುತ್ತಾ?

ಗುಹೆಯೊಳಗೆ ಕಾಡಿದೆ ಅಂದ್ರೆ ನಂಬ್ತೀರಾ? ವಿಯೆಟ್ನಾಂನ ಸೋನ್ ಡೂಂಗ್ ಗುಹೆಯಲ್ಲಿ ಇದೆ. ಚಾವಣಿ ಕುಸಿದಲ್ಲಿ ಬಿಸಿಲು ಒಳಗೆ ಬಿದ್ದು ಮರಗಳು ಬೆಳೆದಿವೆ. ಜಗತ್ತಿನ ಅತಿ ದೊಡ್ಡ ಗುಹೆ ಎಂದು ಹೆಸರಾದ ಇದನ್ನು ಛಾಯಾಗ್ರಾಹಕ ಮಾರ್ಟಿನ್ ಎಡ್‌ಸ್ಟ್ರೋಮ್ 360 ಡಿಗ್ರಿಯಲ್ಲಿ ಸೆರೆಹಿಡಿದರು. 2015ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪ್ರಕಟಿಸಿತು.

ನಾನು ನೋಡಿದ್ದು ಮೊಬೈಲಿನಲ್ಲಿ, ರಾತ್ರಿ ಊಟವಾದ ಮೇಲೆ. ಬೆರಳಾಡಿಸಿದರೆ ಸುತ್ತ ಬಂಡೆಗೋಡೆ, ಮೇಲೆ ಬೆಳಕಿನ ಕಂಡಿ, ಮೂಲೆಯಲ್ಲೆಲ್ಲೋ ಇರುವೆಯಷ್ಟು ಮನುಷ್ಯ. ಗುಹೆ ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದೇ ಅವನನ್ನು ಕಂಡಮೇಲೆ. ಹತ್ತು ನಿಮಿಷದಲ್ಲಿ ವಿಮಾನದ ಟಿಕೆಟ್ ರೇಟ್ ಹುಡುಕ್ತಾ ಇದ್ದೆ!

ವರ್ಚುವಲ್ ರಿಯಾಲಿಟಿ ಬಂದರೆ ಜನ ಮನೆಯಲ್ಲೇ ಕೂತು ನೋಡ್ತಾರೆ, ಕಾಡು ಉಳಿಯುತ್ತೆ ಅನ್ನೋ ಮಾತಿದೆ. ನನಗೆ ನಂಬಿಕೆ ಇಲ್ಲ. ನೋಡಿದಷ್ಟೂ ಆಸೆ ಹೆಚ್ಚುತ್ತೆ. ಆ ಆಸೆ ಜವಾಬ್ದಾರಿಯ ಪ್ರವಾಸವಾಗುತ್ತೋ, ಜಾತ್ರೆಯಾಗುತ್ತೋ ಅನ್ನೋದು ಆ ಜಾಗದ ನಿಯಮದ ಮೇಲೆ ನಿಂತಿದೆ.

ಸೋನ್ ಡೂಂಗ್‌ಗೆ ವರ್ಷಕ್ಕೆ ಬಿಡುವುದು ಸುಮಾರು 1,000 ಜನರನ್ನು. ಗೈಡ್ ಇಲ್ಲದೆ ಪ್ರವೇಶವಿಲ್ಲ; ಸಾಮಾನು ಹೊರುವವರು ಸುತ್ತಲಿನ ಹಳ್ಳಿಯವರು. ಖರ್ಚು ಸುಮಾರು 3,000 ಡಾಲರ್ (ನನ್ನ ಟಿಕೆಟ್ ಹುಡುಕಾಟ ಅಲ್ಲಿಗೇ ನಿಂತಿತು ಬಿಡಿ). 2014ರಲ್ಲಿ ಗುಹೆಯ ಕಡೆಗೆ ಕೇಬಲ್ ಕಾರ್ ಹಾಕುವ ಯೋಜನೆ ಹೊರಬಿದ್ದಾಗ ದೊಡ್ಡ ವಿರೋಧ ಎದ್ದಿತ್ತು. ಆ ಗಲಾಟೆಯ ನಡುವೆಯೇ ಈ ಚಿತ್ರಗಳು ಬಂದವು. ಅಲ್ಲಿಗೆ ಎಂದೂ ಹೋಗಲಾರದ ನನ್ನಂಥವರಿಗೂ ಏನು ಹಾಳಾಗಬಹುದಿತ್ತು ಅಂತ ಅರ್ಥವಾಯಿತು. ವಿಆರ್‌ನಿಂದ ಆಗುವ ನಿಜವಾದ ಉಪಕಾರ ಇದೇ ಅನಿಸುತ್ತೆ.

ನಮ್ಮ ಕುಮಾರ ಪರ್ವತಕ್ಕೆ ವಿಆರ್ ಕೂಡ ಬೇಕಾಗಲಿಲ್ಲ, ರೀಲ್ಸೇ ಸಾಕಾಯ್ತು. 2024ರ ಜನವರಿಯಲ್ಲಿ ಚಾರಣದ ದಾರಿಯಲ್ಲಿ ದೇವಸ್ಥಾನದ ಕ್ಯೂ ಥರ ಜನ ನಿಂತಿದ್ದ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ತಂತು. ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಪಡೆದೇ ಹತ್ತಬೇಕು.

ಆ ಟಿಕೆಟ್ ಪುಟದಲ್ಲೇ ಎರಡು ನಿಮಿಷದ 360 ಡಿಗ್ರಿ ವಿಡಿಯೊ ಇದ್ದರೆ ಚೆನ್ನ. ಶಿಖರದ ಸೂರ್ಯೋದಯ ಬೇಡ, ಅದನ್ನು ಎಲ್ಲರೂ ನೋಡಿದ್ದಾರೆ. ಕಾಲಿಗೆ ಹತ್ತುವ ಜಿಗಣೆ, ಸವೆದ ಕಾಲುದಾರಿ, ಪೊದೆಯಲ್ಲಿ ಸಿಕ್ಕ ಚಿಪ್ಸ್ ಪ್ಯಾಕೆಟ್ಟು, ಅದನ್ನು ಆಯ್ದು ಚೀಲಕ್ಕೆ ತುಂಬುತ್ತಿರುವವರ ಬೆನ್ನು. ಅದನ್ನು ಪೂರ್ತಿ ನೋಡಿದ ಮೇಲೆಯೇ ‘ಪಾವತಿಸಿ’ ಬಟನ್ ಒತ್ತಲು ಬರಲಿ.