ಸೋಡಾ ಹುಡಿಗೆ ಹುಳಿಯೇ ಜೋಡಿ

ಮಂಗಳೂರಿನ ಕಂಕನಾಡಿಯ ಹೋಟೆಲುಗಳಲ್ಲಿ ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ. ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ರಾತ್ರಿ ಕಳೆದು ಹೊರಬಂದವರಿಗೂ, ಜಂಕ್ಷನ್‌ನಲ್ಲಿ ರೈಲು ಇಳಿದು ಬಂದವರಿಗೂ ಮೊದಲು ಸಿಗುವ ಸಮಾಧಾನ ಅದೇ ಬಿಸಿ ತಟ್ಟೆ. ಈ ಎರಡು ತಿಂಡಿಗಳ ಹಿಟ್ಟಿನಲ್ಲೂ ಚಿಟಿಕೆ ಸೋಡಾ ಹುಡಿ ಇರುತ್ತದೆ. ಅದು ಏನು ಮಾಡುತ್ತದೆ ಎಂದು ಕೇಳಿದರೆ ‘ಉಬ್ಬಿಸುತ್ತದೆ’ ಎನ್ನುತ್ತೇವೆ. ಆದರೆ ಸೋಡಾ ಹುಡಿ ಒಂಟಿಯಾಗಿ ಮಾಡುವ ಕೆಲಸ ತೀರಾ ಕಡಿಮೆ. ಅದಕ್ಕೆ ಹುಳಿ ಬೇಕು. ಹುಳಿ ಎಲ್ಲಿದೆ ಎಂದು ನೋಡಿಕೊಂಡರೆ ಅದರ ಗುಣವೂ ದೋಷವೂ ತಾನಾಗಿ ಅರ್ಥವಾಗುತ್ತವೆ.

ರಸಾಯನಶಾಸ್ತ್ರದಲ್ಲಿ ಇದರ ಹೆಸರು ಸೋಡಿಯಂ ಬೈಕಾರ್ಬನೇಟ್. ಸೌಮ್ಯ ಕ್ಷಾರ, ನೀರಿನಲ್ಲಿ ಕರಗಿದಾಗ ಪಿಎಚ್ ಸುಮಾರು 8.3. ಹುಳಿ ತಾಗಿದ ಕೂಡಲೇ ಇದು ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 1 ಗ್ರಾಂ ಸೋಡಾಕ್ಕೆ ಸಾಕಷ್ಟು ಹುಳಿ ಸಿಕ್ಕರೆ ಹತ್ತಿರಹತ್ತಿರ 290 ಮಿಲಿಲೀಟರ್ ಅನಿಲ ಹೊರಡುತ್ತದೆ, ಒಂದು ದೊಡ್ಡ ಲೋಟ ತುಂಬುವಷ್ಟು. ಹುಳಿ ಇಲ್ಲದೆ ಬರೀ ಕಾವಿನಲ್ಲಿ ಒಡೆದರೆ ಅದರ ಅರ್ಧ ಮಾತ್ರ. ಉಳಿದದ್ದು ಹಿಟ್ಟಿನೊಳಗೇ ಸೋಡಿಯಂ ಕಾರ್ಬನೇಟ್ ಆಗಿ ಕೂತುಬಿಡುತ್ತದೆ. ಅದು ಬೇರೇನಲ್ಲ, ಬಟ್ಟೆ ಒಗೆಯುವ ಸೋಡಾ. ಸೋಡಾ ಹೆಚ್ಚಾದ ಗೋಳಿಬಜೆ ತಿಂದಾಗ ನಾಲಿಗೆಗೆ ಸಾಬೂನಿನಂಥ ರುಚಿ ಹತ್ತುವುದು ಇದರಿಂದಲೇ.

ಈಗ ಬನ್ಸ್ ಹಿಟ್ಟನ್ನು ನೋಡಿ. ಚೆನ್ನಾಗಿ ಕಳಿತ ಬಾಳೆಹಣ್ಣು, ಸಕ್ಕರೆ, ಮೊಸರು, ಜೀರಿಗೆ, ಉಪ್ಪು, ಸೋಡಾ, ಹಿಡಿದಷ್ಟು ಮೈದಾ. ರಾತ್ರಿ ನಾದಿ ಮುಚ್ಚಿಟ್ಟರೆ ಬೆಳಿಗ್ಗೆ ಲಟ್ಟಿಸಿ ಕರಿಯುವುದು. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ, ಹಣ್ಣಿನಲ್ಲಿ ಅದರದ್ದೇ ಆಮ್ಲಗಳು. ಸೋಡಾ ಕಲಸಿದಾಗಲೇ ಕೆಲಸ ಶುರುವಾಗುತ್ತದೆ, ಆದರೆ ಗಟ್ಟಿ ಹಿಟ್ಟಿನಲ್ಲಿ ಎಲ್ಲವೂ ಒಮ್ಮೆಲೇ ಮುಗಿಯುವುದಿಲ್ಲ. ರಾತ್ರಿಯಿಡೀ ಮೊಸರಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಇನ್ನಷ್ಟು ಹುಳಿ ಹುಟ್ಟಿಸುತ್ತವೆ, ಆ ಹುಳಿ ಉಳಿದ ಸೋಡಾವನ್ನು ಹುಡುಕಿಕೊಂಡು ಹೋಗುತ್ತದೆ. ಬೆಳಿಗ್ಗೆ ಹಿಟ್ಟು ಮುಟ್ಟಿದರೆ ಮೆತ್ತಗೆ, ಒಳಗೆಲ್ಲ ಸಣ್ಣ ಗುಳ್ಳೆಗಳು. ಬಾಣಲೆಯಲ್ಲಿ ಬನ್ಸ್ ಪೂರಿಯಂತೆ ಎದ್ದು ನಿಲ್ಲುವುದಕ್ಕೆ ಮುಖ್ಯ ಕಾರಣ ನೀರಾವಿ. ಒಳಗಿನ ಜಾಲರಿಯಂಥ ಮೃದುತನ ಮಾತ್ರ ಸೋಡಾ ಮತ್ತು ಹುಳಿಯ ಕೊಡುಗೆ. ಆ ಕಡುಕಂದು ಬಣ್ಣಕ್ಕೂ ಸೋಡಾದ ಪಾಲಿದೆ: ಕ್ಷಾರಗುಣ ತುಸು ಹೆಚ್ಚಿದ್ದರೆ ಸಕ್ಕರೆಯೂ ಹಿಟ್ಟಿನ ಪ್ರೋಟೀನೂ ಬೇಗ ಬೆರೆತು ಕೆಂಪೇರುತ್ತವೆ. ಈ ಲೆಕ್ಕವನ್ನೆಲ್ಲ ಪ್ರಯೋಗಾಲಯ ನೋಡದ ಅಡುಗೆಯವರು ಕೈ ಅಂದಾಜಿನಲ್ಲೇ ಸರಿಹೊಂದಿಸಿಟ್ಟಿದ್ದಾರೆ. ನನಗೆ ಅದು ದೊಡ್ಡ ಜ್ಞಾನವೆಂದೇ ತೋರುತ್ತದೆ.

ಗೋಳಿಬಜೆಗೆ ಬಾಳೆಹಣ್ಣಿಲ್ಲ, ಹುಳಿಮೊಸರೇ ಎಲ್ಲ. ಮೊಸರು ಸಪ್ಪೆಯಾಗಿದ್ದ ದಿನ ಸೋಡಾ ಹೆಚ್ಚು ಹಾಕಿ ಸರಿಮಾಡುವವರಿದ್ದಾರೆ. ತಪ್ಪಾಗುವುದು ಅಲ್ಲೇ. ಆಗ ಬೇಕಿರುವುದು ಇನ್ನಷ್ಟು ಹುಳಿ, ಇನ್ನಷ್ಟು ಸೋಡಾ ಅಲ್ಲ. ಸೋಡಾ ಮೀರಿದ ಬಜೆ ಎಣ್ಣೆಯನ್ನೂ ಜಾಸ್ತಿ ಕುಡಿಯುತ್ತದೆ. ಕ್ರೈಸ್ತರ ಮನೆಗಳ ಸಾನ್ನ ಇನ್ನೊಂದು ದಾರಿ ಹಿಡಿದದ್ದು: ಶೇಂದಿಯ ಯೀಸ್ಟ್ ಗಂಟೆಗಟ್ಟಲೆ ದುಡಿದು ಬಿಡುವುದೂ ಇದೇ ಅನಿಲ, ಆದರೆ ಜೊತೆಗೆ ತನ್ನ ಪರಿಮಳವನ್ನೂ ಬಿಟ್ಟುಹೋಗುತ್ತದೆ. ಶೇಂದಿ ಸಿಗದಾಗ ಸೋಡಾ ಹಾಕಿದರೆ ಸಾನ್ನ ಉಬ್ಬೀತು, ಆ ಪರಿಮಳ ಬಾರದು.

ಈ ಬಿಳಿ ಹುಡಿ ಹುಟ್ಟುವುದು ಉಪ್ಪಿನಿಂದ. ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆ 1860ರ ದಶಕದಲ್ಲಿ ಉಪ್ಪುನೀರು, ಅಮೋನಿಯಾ, ಸುಣ್ಣದಕಲ್ಲಿನ ಅನಿಲ ಇವನ್ನು ಸೇರಿಸಿ ಅಗ್ಗವಾಗಿ ತಯಾರಿಸುವ ದಾರಿ ತೋರಿದ. ನಮ್ಮ ದೇಶದಲ್ಲಿ ಟಾಟಾ ಕೆಮಿಕಲ್ಸ್ 1939ರಲ್ಲಿ ಗುಜರಾತಿನ ಕಡಲತೀರದ ಮಿಠಾಪುರದಲ್ಲಿ ಈ ಉದ್ಯಮಕ್ಕೆ ನೆಲೆ ಹಾಕಿತು.

ಅಡುಗೆಮನೆಯ ಆಚೆ ಸೋಡಾದ ಬಗ್ಗೆ ನಂಬಿಕೆಗಳು ವಿಪರೀತ. ಮೀನಿನ ವಾಸನೆ ತೆಗೆಯಲು ಸೋಡಾ ಉಜ್ಜುವುದು ಅಂಥದ್ದೊಂದು. ಬಂಗುಡೆ, ಬೂತಾಯಿ ಹಳಸುತ್ತಾ ಬಂದಂತೆ ಏಳುವ ವಾಸನೆ ಟ್ರೈಮಿಥೈಲ್ ಅಮೈನ್‌ನದು. ಅದೂ ಒಂದು ಕ್ಷಾರವೇ. ಕ್ಷಾರವನ್ನು ಕ್ಷಾರದಿಂದ ಅಡಗಿಸಲಾಗದು. ಹುಣಸೆ, ಲಿಂಬೆ, ಬಿಂಬುಳಿ ಹಾಕಿ ತೊಳೆಯುವ ನಮ್ಮ ಹಿರಿಯರ ಕ್ರಮವೇ ಇಲ್ಲಿ ಸರಿ. ಹುಳಿತ ಹಾಲಿನ, ಹಳೆಯ ಬೆಣ್ಣೆಯ ಕಮಟು ಆಮ್ಲದ್ದು, ಅದಕ್ಕಾದರೆ ಸೋಡಾ ಹೇಳಿ ಮಾಡಿಸಿದ ಮದ್ದು. ಸೋಡಾ ಮತ್ತು ವಿನೆಗರ್ ಬೆರೆಸಿ ಸಿಂಕ್ ತೊಳೆಯುವ ಹೊಸ ಉಪಾಯದಲ್ಲೂ ಹುರುಳು ಕಡಿಮೆ. ನೊರೆ ನೋಡಲು ಚಂದ, ಆದರೆ ಎರಡೂ ಒಂದನ್ನೊಂದು ಮುಗಿಸಿ ಉಳಿಯುವುದು ಹೆಚ್ಚಾಗಿ ಉಪ್ಪುನೀರಿನಂಥ ದ್ರಾವಣ. ಜಿಡ್ಡಿಗೆ ಬರೀ ಸೋಡಾ ಹಚ್ಚಿ ಉಜ್ಜಿ, ಕಲೆಗಟ್ಟಿದ ಹಿತ್ತಾಳೆಗೆ ಬರೀ ಹುಣಸೆ ಹಚ್ಚಿ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ತಾಗಿಸಬೇಡಿ, ಕಪ್ಪಾಗುತ್ತದೆ. ಕಡಲೆ ಬೇಗ ಬೇಯಲೆಂದು ಹಾಕುವ ಸೋಡಾ ಸಿಪ್ಪೆಯನ್ನು ಮೆತ್ತಗಾಗಿಸುವುದು ನಿಜ, ಜೊತೆಗೆ ಬಿ1 ಜೀವಸತ್ವವನ್ನೂ ಕಳೆಯುತ್ತದೆ.

ಮಕ್ಕಳಿಗೆ ಇದನ್ನೆಲ್ಲ ತೋರಿಸಲು ಪುನರ್ಪುಳಿ ಸಾಕು. ಸಕ್ಕರೆ ಹಾಕದ ಕೆಂಪು ನೀರಿಗೆ ಸೋಡಾ ಉದುರಿಸಿ. ಮೊದಲು ಬುಸುಗುಟ್ಟುತ್ತದೆ, ಹುಳಿ ಮುಗಿದ ಮೇಲೆ ಕೆಂಪು ಮಾಸಿ ಬಣ್ಣವೇ ತಿರುಗುತ್ತದೆ. ಹುಳಿ ಇರುವವರೆಗೆ ಒಂದು ಬಣ್ಣ, ಕ್ಷಾರ ಗೆದ್ದಾಗ ಇನ್ನೊಂದು. ಲಿಂಬೆರಸ ಹಿಂಡಿದರೆ ಕೆಂಪು ಮರಳುತ್ತದೆ. ದಾಸವಾಳದ ಎಸಳಿನ ನೀರಿನಲ್ಲೂ ಇದನ್ನು ನೋಡಬಹುದು.

ಹೊಟ್ಟೆಯುರಿಗೆ ಸೋಡಾ ಕುಡಿಯುವ ಅಭ್ಯಾಸದ ಬಗ್ಗೆ ಮಾತ್ರ ಗಂಭೀರವಾಗಿ ಹೇಳಬೇಕು. ಹೊಟ್ಟೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಧಾರಾಳ ಇರುವುದರಿಂದ ಸೋಡಾ ಕೂಡಲೇ ಕೆಲಸ ಮಾಡುತ್ತದೆ, ತೇಗು ಬರುತ್ತದೆ, ಹಾಯೆನಿಸುತ್ತದೆ. ಆದರೆ ಆಮ್ಲದೊಂದಿಗೆ ಸೇರಿ ಅದು ಆಗುವುದು ಉಪ್ಪು. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1.25 ಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವ ಮಿತಿ 2 ಗ್ರಾಂಗಿಂತ ಕಡಿಮೆ. ಒಣಮೀನು, ಉಪ್ಪಿನಕಾಯಿ, ನೀರುಮಾವಿನಕಾಯಿ ಇಲ್ಲದೆ ಗಂಜಿ ಇಳಿಯದ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹೊಟ್ಟೆ ಬಿರಿಯುವಷ್ಟು ಉಂಡ ಮೇಲೆ ಸೋಡಾ ಕುಡಿದರೆ ಆ ಅನಿಲದ ಒತ್ತಡವೇ ಅಪಾಯ ತರಬಹುದು.

ಕಂಕನಾಡಿಯಲ್ಲಿ 1880ರಲ್ಲಿ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ ಬಡವರಿಗೆ ಔಷಧಿ ಕೊಡುವ ಕೆಲಸ ಆರಂಭಿಸಿದರು, ಅದು ಇಂದು ದೊಡ್ಡ ಆಸ್ಪತ್ರೆ. ಇಂಥ ಆಸ್ಪತ್ರೆಗಳಲ್ಲಿ ಬೈಕಾರ್ಬನೇಟ್ ಇಂದಿಗೂ ಔಷಧಿಯೇ: ರಕ್ತದಲ್ಲಿ ಆಮ್ಲ ವಿಪರೀತ ಏರಿದವರಿಗೆ ಚುಚ್ಚುಮದ್ದಾಗಿ, ಡಯಾಲಿಸಿಸ್ ದ್ರಾವಣದ ಭಾಗವಾಗಿ. ಅಲ್ಲಿ ಪರೀಕ್ಷೆ ಮಾಡಿ, ಲೆಕ್ಕ ಹಾಕಿ ಕೊಡುತ್ತಾರೆ. ಮನೆಯಲ್ಲಿ ಆ ಲೆಕ್ಕವಿಲ್ಲ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ದಯವಿಟ್ಟು ವೈದ್ಯರನ್ನು ಕೇಳದೆ ಸೋಡಾ ಕುಡಿಯಬೇಡಿ. ಹೊಟ್ಟೆಯುರಿ ಮತ್ತೆ ಮತ್ತೆ ಬರುತ್ತಿದ್ದರೆ ಸೋಡಾ ಡಬ್ಬಿ ಮುಚ್ಚಿಟ್ಟು ಆಸ್ಪತ್ರೆಗೆ ಹೋಗಿ.